ಬಾಲದ ಗೆರೆ

ಸೋಮವಾರ ಬೆಳಿಗ್ಗೆ ಮೂರನೇ ಪಂಜರದ ಮುಚ್ಚಳ ತೆಗೆದಾಗ ಒಂದು ಮರಿಯ ಬಾಲದ ಮೇಲೂ ಗೆರೆ ಇರಲಿಲ್ಲ. ಚಿಕ್ಕಿ ಒಂದೊಂದನ್ನೇ ಎತ್ತಿ ದೀಪದ ಕೆಳಗೆ ತಿರುಗಿಸಿ ನೋಡಿದಳು. ತೆಳ್ಳಗಿನ ನಸುಗೆಂಪು ಬಾಲ, ಅದರ ಬುಡದಲ್ಲಿ ಶಾಯಿಯ ಮಸುಕು ಕೂಡ ಉಳಿದಿರಲಿಲ್ಲ. ಇಲಿಗಳು ಒಂದನ್ನೊಂದು ನೆಕ್ಕುತ್ತವೆ. ಅದಕ್ಕೇ ದಿನ ಬಿಟ್ಟು ದಿನ ಮಾರ್ಕರ್ ಹಿಡಿದು ಗೆರೆ ತಿದ್ದಬೇಕು. ಶನಿವಾರ ತಿದ್ದಬೇಕಾಗಿತ್ತು. ಶನಿವಾರ ಬೆಳಿಗ್ಗೆ ತೆಳುವಾಗಿಯಾದರೂ ಕಾಣುತ್ತಿದ್ದವು. ಸಂಜೆ ಬಂದು ತಿದ್ದಿದರಾಯಿತು ಅಂದುಕೊಂಡು ಅವಳು ಅಕ್ಕನ ಜೊತೆ ಅಕ್ಕನ ಮಗಳ ಶಾಲೆಗೆ ಓಡಿದ್ದಳು. ಸಂಜೆ ಬರಲಾಗಲಿಲ್ಲ. ಭಾನುವಾರ ಔಷಧಿಗೂ ರಜೆ.

ಆ ಗೆರೆಯ ಮೇಲೇ ಎಲ್ಲ ನಿಂತಿತ್ತು. ಒಂದು ಗೆರೆಯ ಮರಿಯ ಬಾಯಿಗೆ ಸಿರಿಂಜಿನಲ್ಲಿ ಒಂದನೇ ಬಾಟಲಿಯ ನೀರು, ಎರಡು ಗೆರೆಯ ಮರಿಗೆ ಎರಡನೇ ಬಾಟಲಿಯದು. ಒಂದು ಬಾಟಲಿಯಲ್ಲಿ ಔಷಧಿ ಕಲಸಿದ ಸಕ್ಕರೆ ನೀರು, ಇನ್ನೊಂದರಲ್ಲಿ ಬರೀ ಸಕ್ಕರೆ ನೀರು. ಬಾಟಲಿ ತುಂಬುವವನು ಲೆಕ್ಕಪ್ಪ. ಅದು ಅವನ ಹೆಸರಲ್ಲ. ಲ್ಯಾಬಿನ ಅಂಕಿಅಂಶಗಳೆಲ್ಲ ಅವನ ಕೊರಳಿಗೆ ಬಿದ್ದದ್ದರಿಂದ ಅಂಟಿಕೊಂಡದ್ದು. ಯಾವ ಬಾಟಲಿಯಲ್ಲಿ ಏನಿದೆ ಎಂದು ಅವನು ಚಿಕ್ಕಿಗೆ ಹೇಳುವಂತಿಲ್ಲ, ಅವಳು ಕೇಳುವಂತಿಲ್ಲ. ಮರಿಗಳ ಆಟ ನೋಡಿ ಎಣಿಸುವವಳು ಅವಳೇ ಆದ್ದರಿಂದ ಈ ಕಟ್ಟುನಿಟ್ಟು.

ಚಿಕ್ಕಿ ಎಂಬುದೂ ಹೆಸರಲ್ಲ. ಅಕ್ಕನ ಮಗಳು ಇಟ್ಟದ್ದು. ‘ಚಿಕ್ಕಮ್ಮ’ ಅನ್ನುವಷ್ಟು ಹೊತ್ತು ಆ ಹುಡುಗಿ ಒಂದು ಕಡೆ ನಿಲ್ಲುತ್ತಿರಲಿಲ್ಲ. ಅರ್ಧ ಹೇಳಿ ಓಡುತ್ತಿದ್ದಳು. ಹಾಗಾಗಿ ಅವಳಿಗೆ ಬುಗುರಿ ಎಂದು ಹೆಸರಾಗಿತ್ತು. ಓದು ಮುಗಿಯುವವರೆಗೆ ಎಂದು ಅಕ್ಕನ ಮನೆ ಸೇರಿದ ಚಿಕ್ಕಿಯ ಫೋನಿನಲ್ಲಿ ಬುಗುರಿಯ ‘ಚಿಕ್ಕಿ’ ಎಂಬ ಕೂಗು ಕೇಳಿಸಿಕೊಂಡು ಲೆಕ್ಕಪ್ಪ ಅದನ್ನು ಲ್ಯಾಬಿಗೂ ತಂದಿದ್ದ.

ಔಷಧಿ ಹೊಸದೇನಲ್ಲ. ಒಂದು ಕಡೆ ಕೂರಲಾಗದ, ಗಮನ ನಿಲ್ಲದ ಮಕ್ಕಳಿಗೆ ಡಾಕ್ಟರುಗಳು ಬರೆದುಕೊಡುವ ಮಾತ್ರೆ. ದೊಡ್ಡವರು ತಿಂದರೆ ನಿದ್ದೆ ಹಾರುತ್ತದೆ, ಚಡಪಡಿಸುವ ಮಕ್ಕಳು ತಿಂದರೆ ಕೂತು ಬರೆಯುತ್ತಾರೆ. ಅದನ್ನು ಎಳೆಯ ಇಲಿಗಳಿಗೆ ಕೊಟ್ಟರೆ ಅವುಗಳ ಆಟ ಏನಾಗುತ್ತದೆ ಎಂಬುದು ಚಿಕ್ಕಿಯ ಪ್ರಬಂಧದ ಪ್ರಶ್ನೆ. ಬುಗುರಿಗೂ ಅದೇ ಮಾತ್ರೆ ಶುರುವಾಗಿ ಕೆಲವು ತಿಂಗಳಾಗಿತ್ತು. ಪ್ರಬಂಧದ ವಿಷಯ ಮೊದಲು ಬಂತು, ಮಾತ್ರೆ ಆಮೇಲೆ. ಆದರೂ ಲೆಕ್ಕಪ್ಪ ಕಾಡಿಸುತ್ತಿದ್ದ: “ಮನೇಲಿ ಒಂದು, ಪಂಜರದಲ್ಲಿ ಹದಿನೆಂಟು. ನಿನಗೆ ಭಾನುವಾರ ಅನ್ನೋದೇ ಇಲ್ಲ ಬಿಡು ತಾಯಿ.”

ಈಗ ಮಾಡಬೇಕಾದದ್ದು ಚಿಕ್ಕಿಗೆ ಚೆನ್ನಾಗಿ ಗೊತ್ತಿತ್ತು. ಲ್ಯಾಬಿನ ಮುಖ್ಯಸ್ಥೆ ಮೇಡಮ್ ಹತ್ತಿರ ಹೋಗಿ ಗೆರೆ ಅಳಿಸಿಹೋಗಿದೆ ಅನ್ನಬೇಕು. ಮೇಡಮ್ ಮೂರನೇ ಪಂಜರವನ್ನು ಕೈಬಿಡಿ ಅನ್ನುತ್ತಾರೆ. ಉಳಿಯುವ ಎರಡು ಪಂಜರಗಳ ಮರಿಗಳಿಂದ ಏನೂ ಸಾಬೀತಾಗುವುದಿಲ್ಲ. ಮತ್ತೆ ಗಂಡು ಹೆಣ್ಣು ಕೂಡಿಸಿ, ಮರಿ ಹುಟ್ಟಿ, ತಾಯಿಯಿಂದ ಬಿಡಿಸಿ, ಔಷಧಿ ಕುಡಿಸಿ ಮುಗಿಯುವಷ್ಟರಲ್ಲಿ ವರ್ಷ ಮುಗಿಯುತ್ತದೆ. ವರ್ಷದೊಂದಿಗೆ ಈ ಸಂಸ್ಥೆಯಲ್ಲಿ ಅವಳಿಗೆ ಕೊಟ್ಟ ಜಾಗವೂ ಮುಗಿಯುತ್ತದೆ. ಪ್ರಬಂಧ ಇಲ್ಲದೆ ಹೊರಬಿದ್ದರೆ ಇಷ್ಟು ದಿನ ಇಲಿಯ ಹಿಕ್ಕೆ ಬಳಿದದ್ದಷ್ಟೇ ಉಳಿಯುವುದು.

ಅವಳು ಆರೂ ಮರಿಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಒಂಟಿಯಾಗಿ ಇಟ್ಟಳು. ಆಡುವ ವಯಸ್ಸಿನ ಇಲಿಯನ್ನು ಸ್ವಲ್ಪ ಹೊತ್ತು ಒಂಟಿಯಾಗಿಟ್ಟರೆ ಅದಕ್ಕೆ ಆಟದ ಹಸಿವು ಹುಟ್ಟುತ್ತದೆ. ಆಮೇಲೆ ಜೊತೆ ಬಿಟ್ಟರೆ ಒಂದು ಇನ್ನೊಂದರ ಕತ್ತಿನ ಮೇಲೆ ಹಾರುತ್ತದೆ. ಅದು ಬೆನ್ನ ಮೇಲೆ ಉರುಳುತ್ತದೆ. ಇದು ಮೇಲೆ ನಿಂತು ಅಮುಕುತ್ತದೆ. ಲ್ಯಾಬಿನಲ್ಲಿ ಇದಕ್ಕೆ ಕುಸ್ತಿಯ ಮಾತು: ಚಿತ್. ಚಿಕ್ಕಿ ದಿನವಿಡೀ ವಿಡಿಯೋ ನೋಡಿ ಎಣಿಸುತ್ತಿದ್ದುದು ಈ ಚಿತ್‌ಗಳನ್ನೇ.

ಮಧ್ಯಾಹ್ನ ಆರನ್ನೂ ಒಟ್ಟಿಗೆ ಬಿಟ್ಟಳು. ಮೂರು ಮರಿಗಳು ಹಾರಿದವು, ಉರುಳಿದವು, ಮರದ ಹೊಟ್ಟು ಎರಚಾಡಿದವು. ಇನ್ನು ಮೂರು ಮರಿಗಳು ಜೊತೆಯವುಗಳನ್ನು ಮೂಸಿ ನೋಡಿ ಪಕ್ಕಕ್ಕೆ ಸರಿದವು. ಮೈಮೇಲೆ ಬಿದ್ದರೆ ತಳ್ಳಿಸಿಕೊಂಡು ಮೂಲೆಗೆ ಹೋದವು.

‘ಇವೇ ಔಷಧಿಯವು,’ ಅಂದುಕೊಂಡಳು. ಇದರಲ್ಲಿ ಅನುಮಾನ ಪಡುವುದೇನಿದೆ? ಒಂದನೇ ಬಾಟಲಿಯಲ್ಲಿ ಔಷಧಿ ಇದೆ ಎಂದು ಉಳಿದ ಪಂಜರಗಳನ್ನು ನೋಡಿ ಅವಳು ಎಂದೋ ಊಹಿಸಿಯಾಗಿತ್ತು. ಮಾರ್ಕರ್ ತೆಗೆದು ಸುಮ್ಮನಿದ್ದ ಮೂರರ ಬಾಲಕ್ಕೆ ಒಂದೊಂದು ಗೆರೆ, ಆಡಿದ ಮೂರಕ್ಕೆ ಎರಡೆರಡು ಗೆರೆ ಎಳೆದಳು. ಗೆರೆಗಳು ಎಂದಿಗಿಂತ ದುಂಡಗೆ ಬಂದವು.

ಮುಚ್ಚಳ ಹಾಕುವಾಗ ಲೆಕ್ಕಪ್ಪ ಇಣುಕಿದ. “ಊಟ ಆಯ್ತಾ?”

“ಆಯ್ತು.”

“ಸುಳ್ಳು. ಮುಖ ನೋಡಿದ್ರೆ ಗೊತ್ತಾಗುತ್ತೆ.”

“ಹಂಗಾದ್ರೆ ಯಾಕೆ ಕೇಳ್ತೀಯ? ಹೋಗೋ.”

*

ಆಟದ ಪರೀಕ್ಷೆಗಳು ಮುಗಿದ ದಿನ ಲೆಕ್ಕಪ್ಪ ಗುಟ್ಟು ಬಿಟ್ಟುಕೊಟ್ಟ. ಔಷಧಿ ಇದ್ದದ್ದು ಒಂದನೇ ಬಾಟಲಿಯಲ್ಲೇ. ಕಂಪ್ಯೂಟರ್ ಪರದೆಯ ಮೇಲೆ ಚಿತ್‌ಗಳ ಲೆಕ್ಕದ ಎರಡು ಕಂಬಗಳು ನಿಂತಿದ್ದವು, ಒಂದು ಎತ್ತರ, ಒಂದು ಗಿಡ್ಡ. ಔಷಧಿ ಕುಡಿದ ಮರಿಗಳು ಮೂಸುವುದು, ತಿರುಗುವುದು ಎಲ್ಲ ಮಾಡಿದ್ದವು. ಆಡುವುದನ್ನು ಮಾತ್ರ ಹೆಚ್ಚುಕಡಿಮೆ ಬಿಟ್ಟಿದ್ದವು.

“ಎಷ್ಟು ಚೆಂದ ಬಂದಿದೆ ನೋಡು,” ಅಂದ ಲೆಕ್ಕಪ್ಪ. “ಒಂದು, ಎರಡನೇ ಪಂಜರ ಸ್ವಲ್ಪ ಹಿಂದೆ ಮುಂದೆ ಇದೆ. ಆದ್ರೆ ಮೂರನೇದು! ಮೂರನೇದನ್ನ ಪಠ್ಯಪುಸ್ತಕದಲ್ಲಿ ಹಾಕ್ಬೇಕು ಕಣೇ. ಕತ್ತರಿ ಹಾಕಿದ ಹಾಗೆ ಎರಡು ಭಾಗ.”

ಚಿಕ್ಕಿಯ ಕಾಲು ಮೇಜಿನ ಕೆಳಗೆ ಕುಣಿಯತೊಡಗಿತು. ಕೂತಾಗ ಕಾಲು ಕುಣಿಸುವುದು ಅವಳ ಹಳೆಯ ಚಾಳಿ. ಲೆಕ್ಕಪ್ಪ ಅದನ್ನು ತನ್ನ ಬೂಟಿನಿಂದ ಮೆತ್ತಗೆ ಒತ್ತಿ ನಿಲ್ಲಿಸಿದ. “ಖುಷಿಯಾದ್ರೆ ಬಾಯಲ್ಲಿ ನಗು. ಮೇಜಿಗೆ ಯಾಕೆ ಒದೀತೀಯ?”

ಮೇಡಮ್ ಬಂದು ನಿಂತೇ ನೋಡಿದರು. ಅವರು ಹೊಗಳುವ ಪೈಕಿ ಅಲ್ಲ. “ಮುಂದಿನ ತಿಂಗಳ ವಿಜ್ಞಾನಿಗಳ ಸಭೆಯಲ್ಲಿ ಇದನ್ನೇ ಹೇಳ್ತೀನಿ. ನಿನ್ನ ಹೆಸರು ಮೊದಲು ಇರುತ್ತೆ,” ಎಂದು ಹೋದರು.

ಮನೆಗೆ ಬರುವ ದಾರಿಯುದ್ದಕ್ಕೂ ಅವಳು ತನ್ನೊಂದಿಗೇ ವಾದ ಮಾಡಿದಳು. ಊಹೆ ಸರಿಯಾಗಿಯೇ ಇತ್ತಲ್ಲ? ಒಂದನೇ ಬಾಟಲಿ ಔಷಧಿಯದ್ದೇ. ಆಡದವು ಔಷಧಿಯವೇ ಆಗಿದ್ದಿರಬೇಕು. ಬಸ್ಸಿನಲ್ಲಿ ಜಾಗವಿದ್ದರೂ ಕೂರಲಾಗದೆ ಕಂಬಿ ಹಿಡಿದು ನಿಂತಳು. ಎರಡು ನಿಲ್ದಾಣ ಮೊದಲೇ ಇಳಿದು ನಡೆದಳು.

ಅಕ್ಕ ಪರದೆ ಹೊಲಿಯುತ್ತಿದ್ದಳು. ಹೋಟೆಲುಗಳಿಗೆ ಕಿಟಕಿ ಪರದೆ ಹೊಲಿದುಕೊಡುವುದು ಅವಳ ಕಸುಬು. ಹಗಲೆಲ್ಲ ಮನೆ ಯಂತ್ರದ ಸದ್ದಿನಲ್ಲಿ ಅದುರುತ್ತಿತ್ತು. ಭಾವ ದೂರದೂರಕ್ಕೆ ಲಾರಿ ಓಡಿಸುವವನು, ಮನೆಯಲ್ಲಿ ಇರುವುದಕ್ಕಿಂತ ಫೋನಿನಲ್ಲಿ ಇರುವುದೇ ಹೆಚ್ಚು. ಬುಗುರಿ ಬಟ್ಟೆಯ ರಾಶಿಯ ಮೇಲೆ ಹತ್ತಿ ಇಳಿದು ಹತ್ತುತ್ತಿದ್ದಳು.

“ಏನಂತಾವೆ ನಿನ್ನ ಇಲಿಗಳು?” ಅಕ್ಕ ದಾರ ಕಚ್ಚಿ ಕಿತ್ತಳು.

ಚಿಕ್ಕಿಗೆ ಯಾರಿಗಾದರೂ ಹೇಳಬೇಕಾಗಿತ್ತು. ಹೊಗಳಿಕೆ ಇನ್ನೂ ಕಿವಿಯಲ್ಲಿತ್ತು. “ಮಾತ್ರೆ ತಿಂದವು ಆಟಾನೇ ಬಿಟ್ಟುಬಿಟ್ಟಿವೆ ಅಕ್ಕ. ಖಂಡಿತ. ಅಷ್ಟು ಸ್ಪಷ್ಟವಾಗಿದೆ.”

ಯಂತ್ರ ನಿಂತಿತು. “ಆಟಾನೇ?”

“ತಿರುಗಾಡ್ತಾವೆ, ಮೂಸ್ತಾವೆ. ಆಡಲ್ಲ.”

ಅಕ್ಕ ಬುಗುರಿಯನ್ನು ನೋಡಿದಳು, ಆಮೇಲೆ ಕೈಯಲ್ಲಿದ್ದ ಬಟ್ಟೆಯನ್ನು. ಯಂತ್ರ ಮತ್ತೆ ಶುರುವಾಯಿತು.

*

ಶಾಲೆಯ ಮುಂದಿನ ಭೇಟಿಗೂ ಅಕ್ಕ ಚಿಕ್ಕಿಯನ್ನು ಕರೆದೊಯ್ದಳು. ಟೀಚರ್ ಮುಂದೆ ಒಬ್ಬಳೇ ಕೂತರೆ ಅಕ್ಕನಿಗೆ ಬಾಯಿ ಕಟ್ಟುತ್ತಿತ್ತು. ಮಕ್ಕಳ ಅಳತೆಯ ಕುರ್ಚಿಗಳಲ್ಲಿ ಇಬ್ಬರೂ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತರು.

“ಈ ಸಲ ತುಂಬಾ ಬದಲಾಗಿದ್ದಾಳೆ,” ಅಂದರು ಟೀಚರ್. ಅವರ ಮುಖದಲ್ಲಿ ನಿಜವಾದ ಸಂತೋಷವಿತ್ತು. “ಮೊದಲು ಒಂದು ನಿಮಿಷ ಕೂತ್ರೆ ಹೆಚ್ಚು. ಈಗ ಕೂಗಿದ್ರೆ ತಿರುಗಿ ನೋಡ್ತಾಳೆ. ಮಾತ್ರೆ ಚೆನ್ನಾಗಿ ಹಿಡಿಸಿದೆ. ಒಂದೊಂದು ದಿನ ಬಾಲ ಬಿಚ್ತಾಳೆ; ಆಗ ನಾನು ಇವತ್ತು ಮಾತ್ರೆ ಮರೆತಿರ್ಬೇಕು ಅಂದ್ಕೋತೀನಿ. ಹೌದಲ್ವಾ? ಮರೀತೀರಲ್ವಾ?”

“ಒಂದೊಂದ್ಸಲ,” ಅಂದಳು ಅಕ್ಕ, ನೆಲ ನೋಡುತ್ತ.

ಗೇಟಿನ ಹೊರಗೆ ಬಂದ ಮೇಲೆ ಅಕ್ಕನಿಗೆ ನಗು ತಡೆಯಲಾಗಲಿಲ್ಲ. ದೀಪದ ಕಂಬ ಹಿಡಿದುಕೊಂಡು ನಕ್ಕಳು. ದಾರಿಹೋಕರು ತಿರುಗಿ ನೋಡಿದರು.

“ಏನಾಯ್ತೇ ನಿನಗೆ?”

“ಮಾತ್ರೆ ಹಿಡಿಸಿದ್ಯಂತೆ!” ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು. “ನಾನು ಕೊಟ್ಟೇ ಇಲ್ಲ ಕಣೇ. ನೀನು ಅವತ್ತು ಇಲಿಗಳು ಆಡಲ್ಲ ಅಂದ್ಯಲ್ಲ, ಮಾರನೇ ದಿನದಿಂದ ಒಂದೂ ಕೊಟ್ಟಿಲ್ಲ. ದಿನಾ ಬೆಳಿಗ್ಗೆ ಒಂದೊಂದು ಕಿತ್ತು ಸಿಂಕಿಗೆ ಹಾಕ್ತಿದೀನಿ. ನಿನ್ನ ಭಾವನಿಗೂ ಹೇಳಿಲ್ಲ. ಆ ಟೀಚರಮ್ಮ ನೋಡ್ತಿರೋದು ನನ್ನ ಮಗಳನ್ನಲ್ಲ, ಮಾತ್ರೇನ. ಕೂತ್ರೆ ಮಾತ್ರೆ ತಗೊಂಡಿದಾಳೆ, ಕುಣಿದ್ರೆ ಮರೆತಿದಾಳೆ. ಹೆಂಗಿದೆ?”

ಚಿಕ್ಕಿಯೂ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಕೂತರೆ ಮಾತ್ರೆ, ಕುಣಿದರೆ ಇಲ್ಲ. ಸುಮ್ಮನಿದ್ದರೆ ಒಂದು ಗೆರೆ, ಆಡಿದರೆ ಎರಡು.

“ಯಾಕೆ ಮುಖ ಹಂಗಾಯ್ತು?”

“ಬಿಸಿಲು.”

“ಶುಕ್ರವಾರ ಡಾಕ್ಟರ್ ಹತ್ರ ಹೋಗ್ಬೇಕು. ಹೋಗಿ ಹೇಳ್ತೀನಿ, ನಿಮ್ಮ ಮಾತ್ರೆ ಬೇಡ ಅಂತ. ನನ್ನ ತಂಗಿ ಪರೀಕ್ಷೆ ಮಾಡಿ ನೋಡಿದಾಳೆ ಅಂತ. ಇನ್ನು ಜನ್ಮದಲ್ಲಿ ಕೊಡಲ್ಲ.”

ಅವತ್ತು ಸಂಜೆ ಫೋನಿನಲ್ಲಿ ಸಿಕ್ಕ ಭಾವನಿಗೂ ಅಕ್ಕ ಹೇಳಿಯೇಬಿಟ್ಟಳು. ಆ ಕಡೆಯಿಂದ ಕೂಗು ಕೋಣೆಗೆಲ್ಲ ಕೇಳಿಸಿತು: “ಡಾಕ್ಟರ್ ಮಾತು ಬಿಟ್ಟು ಇಲಿ ಮಾತು ಕೇಳಿ ಮಗಳನ್ನ ಬೆಳೆಸ್ತೀರಾ ಅಕ್ಕ ತಂಗಿ ಸೇರ್ಕೊಂಡು?”

“ಆ ಡಾಕ್ಟರ್ ನಮ್ಮ ಮನೇಲಿ ಇರ್ತಾನಾ? ನೀವೇ ಇರಲ್ಲ!” ಎಂದು ಅಕ್ಕ ಫೋನು ಇಟ್ಟಳು.

ಚಿಕ್ಕಿ ಬುಗುರಿಯನ್ನು ಲೆಕ್ಕ ಮಾಡಿಸಲು ಕೂರಿಸಿಕೊಂಡಳು. ಬುಗುರಿ ಎರಡು ಕೂಡಿಸುವ ಲೆಕ್ಕ ಮಾಡಿದಳು, ಮೂರನೆಯದರ ನಡುವೆ ಪೆನ್ಸಿಲ್ ಬಿತ್ತು, ಅದನ್ನು ಹುಡುಕಲು ಮೇಜಿನ ಕೆಳಗೆ ಹೋದಳು, ಅಲ್ಲೇ ಉಳಿದಳು. ಚಿಕ್ಕಿಯೂ ಬಗ್ಗಿ ಮೇಜಿನ ಕೆಳಗೆ ಕೂತಳು.

“ಮಾತ್ರೆ ತಗೋತಿದ್ಯಲ್ಲ, ಆಗ ಹೆಂಗಿರ್ತಿತ್ತು?”

“ಕಹಿ.”

“ಅದಲ್ಲ. ತಗೊಂಡ ಮೇಲೆ.”

ಬುಗುರಿ ಪೆನ್ಸಿಲಿನ ತುದಿ ಕಚ್ಚಿದಳು. “ಪುಟ ಮುಗೀತಿತ್ತು.”

“ಈಗ?”

“ಈಗ ಪುಟ ಉದ್ದ ಇದೆ.”

“ಮತ್ತೆ ಆಟ? ಆಗ ಆಡ್ತಿದ್ಯಾ?”

“ಕರೆದ್ರೆ ಆಡ್ತಿದ್ದೆ.” ಮೇಜಿನ ಕಾಲು ಸುತ್ತಿ ಹೊರಗೆ ತೆವಳಿದಳು. “ಚಿಕ್ಕಿ, ನಿಮ್ಮ ಇಲಿಗೆ ಲೆಕ್ಕ ಬರುತ್ತಾ?”

“ಇಲ್ಲ.”

“ಹಂಗಾದ್ರೆ ಅದಕ್ಕೆ ಯಾಕೆ ಮಾತ್ರೆ ಕೊಡ್ತೀರಾ?” ಎಂದು ಕೇಳಿ ಉತ್ತರಕ್ಕೆ ಕಾಯದೆ ಬಟ್ಟೆಯ ರಾಶಿಗೆ ಹಾರಿದಳು.

ಚಿಕ್ಕಿ ಮೇಜಿನ ಕೆಳಗೇ ಸ್ವಲ್ಪ ಹೊತ್ತು ಕೂತಳು. ಮಾತ್ರೆ ಒಳ್ಳೆಯದೋ ಕೆಟ್ಟದ್ದೋ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದೆ ಅಂದುಕೊಂಡದ್ದು ಮೂರನೇ ಪಂಜರದಿಂದ. ಆ ಪಂಜರದ ಉತ್ತರವನ್ನು ಬರೆದದ್ದು ಇಲಿಗಳಲ್ಲ, ಅವಳ ಮಾರ್ಕರ್. ಅವಳು ಬಾಯಿ ಬಿಡದಿದ್ದರೆ ಅಕ್ಕ ಶುಕ್ರವಾರ ಡಾಕ್ಟರ ಮುಂದೆ ಅದನ್ನೇ ಸತ್ಯವೆಂದು ಇಡುತ್ತಾಳೆ. ಬಾಯಿ ಬಿಟ್ಟರೆ ಪ್ರಬಂಧ ಹೋಯಿತು. ಅಕ್ಕನಿಗಷ್ಟೇ ಹೇಳಿ ಮೇಡಮ್‌ಗೆ ಹೇಳದಿದ್ದರೆ? ಆ ದಾರಿಯನ್ನೂ ನೋಡಿದಳು. ಮನೆಯಲ್ಲಿ ಸುಳ್ಳು ಅಂದದ್ದನ್ನು ಸಭೆಯಲ್ಲಿ ನಿಜ ಅಂತ ಹೇಳಿಸುವುದು. ಸಭೆಯಲ್ಲಿ ಕೂತವರ ಮನೆಗಳಲ್ಲೂ ಮಕ್ಕಳಿರುತ್ತಾರೆ, ಸಿಂಕ್ ಇರುತ್ತದೆ.

*

ಮೇಡಮ್ ಕಿಟಕಿಯ ಹತ್ತಿರ ನಿಂತು ಸೇಬು ತಿನ್ನುತ್ತಿದ್ದರು. ಅವರ ಊಟ ಯಾವಾಗಲೂ ನಿಂತೇ.

“ಮೂರನೇ ಪಂಜರದ ಗೆರೆ ಅಳಿಸಿಹೋಗಿತ್ತು ಮೇಡಮ್,” ಅಂದಳು ಚಿಕ್ಕಿ. “ನಾನು ನನ್ನ ಊಹೆಯ ಮೇಲೆ ಮತ್ತೆ ಎಳೆದೆ.”

ಮೇಡಮ್ ಅಗಿಯುವುದನ್ನು ನಿಲ್ಲಿಸಲಿಲ್ಲ. “ಯಾವಾಗ?”

“ಪರೀಕ್ಷೆಗೆ ಮೊದಲಿನ ಸೋಮವಾರ.”

“ಊಹೆ ಹೇಗೆ ಮಾಡಿದೆ?”

“ಆಟ ನೋಡಿ.”

“ನಾವು ಅಳೀತಿದ್ದದ್ದು ಏನನ್ನ?”

“ಆಟಾನ.”

ಮೇಡಮ್ ಸೇಬನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟರು. “ಉತ್ತರ ಮೊದಲು ಬರೆದು ಆಮೇಲೆ ಪ್ರಶ್ನೆ ಕೇಳಿದೀಯ.”

“ಹೌದು.”

“ನಿನ್ನ ಊಹೆ ತಪ್ಪಾಗಿದ್ರೆ ಆ ದಿನದಿಂದ ಔಷಧಿಯ ಮರಿಗೆ ನೀರು, ನೀರಿನ ಮರಿಗೆ ಔಷಧಿ ಹೋಗಿರುತ್ತೆ. ಈಗ ಯಾವ ದೇವರು ಬಂದ್ರೂ ಬಿಡಿಸಿ ಹೇಳೋಕಾಗಲ್ಲ.”

“ಗೊತ್ತು ಮೇಡಮ್.”

“ಗೊತ್ತಿದ್ದೂ ಇಷ್ಟು ದಿನ ಸುಮ್ಮನಿದ್ದೆ.” ಅವರ ದನಿ ಏರಲಿಲ್ಲ, ಏರಿದ್ದರೆ ಚಿಕ್ಕಿಗೆ ಸುಲಭವಾಗುತ್ತಿತ್ತು. “ಲೆಕ್ಕಪ್ಪನ್ನ ಕರಿ.”

ಲೆಕ್ಕಪ್ಪ ಮೂರನೇ ಪಂಜರದ ಅಂಕಿಗಳನ್ನು ಬಿಟ್ಟು ಮತ್ತೆ ಲೆಕ್ಕ ಹಾಕಿದ. ಎರಡು ಕಂಬಗಳು ಇನ್ನೂ ನಿಂತಿದ್ದವು, ಆದರೆ ಎತ್ತರದ ವ್ಯತ್ಯಾಸ ತೀರಾ ಕಡಿಮೆಯಾಗಿತ್ತು. ಅವನು ಕುರ್ಚಿ ಹಿಂದಕ್ಕೆ ವಾಲಿಸಿ ತಲೆ ಕೆರೆದುಕೊಂಡ. “ಇದೆ ಅನ್ನೋಕೂ ಆಗಲ್ಲ, ಇಲ್ಲ ಅನ್ನೋಕೂ ಆಗಲ್ಲ.”

“ಹಾಗೇ ಬರೀರಿ,” ಅಂದರು ಮೇಡಮ್. “ಸಭೆಯಲ್ಲಿ ನಾನು ಬೇರೆ ಏನಾದ್ರೂ ಮಾತಾಡ್ತೀನಿ. ನೀನು ಹೊಸ ಮರಿಗಳಿಂದ ಶುರು ಮಾಡು. ಗೆರೆ ಬೇರೆಯವರು ಎಳೀತಾರೆ. ವರ್ಷದೊಳಗೆ ಮುಗಿದ್ರೆ ಮುಗೀತು. ಮುಗೀದಿದ್ರೆ ನಾನು ಯಾರ ಹತ್ರಾನೂ ನಿನಗೋಸ್ಕರ ಕೇಳಲ್ಲ.”

ಮೂರನೇ ಪಂಜರದ ಮರಿಗಳಿಗೆ ಇನ್ನು ಕೆಲಸವಿರಲಿಲ್ಲ. ಕೆಲಸವಿಲ್ಲದ ಇಲಿಯನ್ನು ಯಾವ ಲ್ಯಾಬೂ ಸಾಕುವುದಿಲ್ಲ. ಅನಿಲದ ಪೆಟ್ಟಿಗೆಗೆ ಅವನ್ನು ಚಿಕ್ಕಿಯೇ ಇಳಿಸಿದಳು. ಲೆಕ್ಕಪ್ಪ ತಾನು ಮಾಡುತ್ತೇನೆ ಅಂದ, ಬೇಡ ಅಂದಳು. ಪೆಟ್ಟಿಗೆಯಲ್ಲಿ ಎರಡು ಗೆರೆಯದೊಂದು ಒಂದು ಗೆರೆಯದರ ಮೇಲೆ ಹಾರಿತು, ಒಂದು ಗೆರೆಯದು ಉರುಳಿ ಎದ್ದು ಅದನ್ನೇ ಕೆಡವಿತು. ಆಮೇಲೆ ಎಲ್ಲ ನಿಂತಿತು. ಅವಳು ಕೈಗವಸು ಕಳಚಿ ಎಸೆದು, ಕೈ ತೊಳೆದು, ಮತ್ತೊಮ್ಮೆ ತೊಳೆದಳು.

“ಹೇಳದೆ ಇದ್ದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ,” ಅಂದ ಲೆಕ್ಕಪ್ಪ ಬಾಗಿಲ ಹತ್ತಿರ. “ಪಠ್ಯಪುಸ್ತಕ ಅಂತ ಬೇರೆ ಅಂದೆ.”

“ಅದೇ ನನ್ನ ನಿದ್ದೆ ಕೆಡಿಸಿದ್ದು.”

“ನನ್ನ ಹೊಗಳಿಕೆಗೆ ಅಷ್ಟು ತಾಕತ್ತಿದ್ರೆ ಮದುವೆ ಆಗಿಬಿಡ್ತಿತ್ತು ನನಗೆ.”

ಅವಳಿಗೆ ನಗು ಬರಲಿಲ್ಲ. ಆದರೂ ಅವನು ಹೇಳಿದ್ದು ಒಳ್ಳೆಯದಾಯಿತು ಅನ್ನಿಸಿತು.

*

ಅಕ್ಕನಿಗೆ ಹೇಳುವುದು ಇದಕ್ಕಿಂತ ಕಷ್ಟವಾಯಿತು. ಮೇಡಮ್‌ಗೆ ಒಂದು ವಾಕ್ಯ ಸಾಕಾಗಿತ್ತು. ಅಕ್ಕನಿಗೆ ಬಾಟಲಿ, ಗೆರೆ, ನೆಕ್ಕುವುದು, ಊಹೆ ಎಲ್ಲವನ್ನೂ ಬಿಡಿಸಿ ಹೇಳಬೇಕಾಯಿತು. ಅಕ್ಕ ಯಂತ್ರ ತುಳಿಯುತ್ತಲೇ ಕೇಳಿದಳು. ‘ಊಹೆ’ ಎಂಬಲ್ಲಿಗೆ ಬಂದಾಗ ಕಾಲು ನಿಂತಿತು.

“ಒಂದು ಗೆರೆ ಎಳೆಯೋಕೆ ಬರಲಿಲ್ವಾ ನಿನಗೆ?”

“ಎಳೆಯೋಕೆ ಬಂತು ಅಕ್ಕ. ಯಾವುದಕ್ಕೆ ಅಂತ ಗೊತ್ತಿರಲಿಲ್ಲ.”

“ಖಂಡಿತ ಅಂದೆ. ಸ್ಪಷ್ಟವಾಗಿದೆ ಅಂದೆ. ನಿನ್ನ ಬಾಯಿಂದಾನೇ ಬಂದ ಮಾತು.”

“ನಾನು ಮಾತ್ರೆ ನಿಲ್ಲಿಸು ಅಂದಿರಲಿಲ್ಲ.”

ಹೇಳಬಾರದಿತ್ತು. ಅಕ್ಕ ಎದ್ದು ನಿಂತಳು. ಮಡಿಲಲ್ಲಿದ್ದ ಪರದೆ ನೆಲಕ್ಕೆ ಜಾರಿತು. “ಹೌದಮ್ಮ, ನಿಲ್ಲಿಸು ಅನ್ನಲಿಲ್ಲ. ನಿಲ್ಲಿಸೋ ಹಾಗೆ ಹೇಳಿದೆ. ನಾನು ಓದಿದವಳಲ್ಲ, ನೀನು ಓದಿದವಳು. ಓದಿದವಳು ಖಂಡಿತ ಅಂದ್ರೆ ನಾನು ಏನಂದ್ಕೋಬೇಕು? ಅವರ ಹತ್ರ ಬೈಸ್ಕೊಂಡೆ, ಟೀಚರ್ ಮುಂದೆ ಸುಳ್ಳು ಹೇಳಿದೆ, ಮಾತ್ರೆ ನೀರಿಗೆ ಹಾಕಿದೆ. ಈಗ ಬಂದು ಗೊತ್ತಿಲ್ಲ ಅಂತೀಯ.”

“ಗೊತ್ತಿಲ್ಲ ಅಕ್ಕ. ನಿಜವಾಗ್ಲೂ. ಮಾತ್ರೆ ಕೆಟ್ಟದ್ದು ಅಂತಾನೂ ಗೊತ್ತಿಲ್ಲ, ಒಳ್ಳೇದು ಅಂತಾನೂ ಗೊತ್ತಿಲ್ಲ.”

“ಹಂಗಾದ್ರೆ ಅವತ್ತು ನಾನು ಕೇಳಿದಾಗ ಅದನ್ನೇ ಹೇಳ್ಬೇಕಾಗಿತ್ತು.”

ಬುಗುರಿ ಬಾಗಿಲಿನಲ್ಲಿ ಕಾಣಿಸಿಕೊಂಡಳು, ಇಬ್ಬರ ಮುಖ ನೋಡಿದಳು, ಮಾಯವಾದಳು. ಅಕ್ಕ ಪರದೆ ಎತ್ತಿಕೊಂಡು ಜೋರಾಗಿ ಕೊಡವಿದಳು.

“ಶುಕ್ರವಾರ ನೀನೂ ಬಾ. ನಾನು ಹೇಳಲ್ಲ. ನಿನ್ನ ಬಾಯಲ್ಲೇ ಹೇಳು ಡಾಕ್ಟರ್‌ಗೆ.”

*

ಡಾಕ್ಟರು ಬಾಗಿಲಿನಾಚೆಯ ಸಾಲಿನ ಮೇಲೆ ಒಂದು ಕಣ್ಣಿಟ್ಟೇ ಮಾತಾಡುವ ಮನುಷ್ಯ. ಚಿಕ್ಕಿ ನಿಂತುಕೊಂಡೇ ಹೇಳಿದಳು: ಅಕ್ಕ ಮಾತ್ರೆ ನಿಲ್ಲಿಸಿದ್ದು ತನ್ನ ಮಾತು ಕೇಳಿ, ತನ್ನ ಮಾತಿಗೆ ಆಧಾರವಿರಲಿಲ್ಲ. ಬುಗುರಿ ಅಷ್ಟರಲ್ಲಿ ಗಾಲಿ ಇದ್ದ ಸ್ಟೂಲು ಹಿಡಿದು ಗೋಡೆಯಿಂದ ಗೋಡೆಗೆ ಹೋಗಿ ಬರುತ್ತಿದ್ದಳು.

ಬೈಗುಳ ಬರಲಿಲ್ಲ. ಡಾಕ್ಟರು ಮೊದಲ ಸಲ ಬಾಗಿಲಿನಿಂದ ಕಣ್ಣು ತೆಗೆದರು. “ಶಾಲೆಯಲ್ಲಿ ಗೊತ್ತೇ ಆಗಲಿಲ್ವಾ?”

“ಚೆನ್ನಾಗಿ ಹಿಡಿಸಿದೆ ಅಂದ್ರು,” ಅಂದಳು ಅಕ್ಕ. ಇಷ್ಟು ಹೊತ್ತು ಬಿಗಿದಿದ್ದ ಅವಳ ಬಾಯಿ ಅಲ್ಲಿ ಸ್ವಲ್ಪ ಸಡಿಲವಾಯಿತು.

“ಆದ್ರೆ ಪುಟ ಮುಗೀತಿಲ್ಲ,” ಅಂದಳು ಚಿಕ್ಕಿ. “ಅವಳೇ ಹೇಳಿದ್ದು.”

ಅಕ್ಕ ತಿರುಗಿ ಅವಳನ್ನು ನೋಡಿದಳು. ಇದು ಅಕ್ಕನಿಗೆ ಹೊಸದು.

ಡಾಕ್ಟರು ಪೆನ್ನಿನಿಂದ ಮೇಜು ಕುಟ್ಟಿದರು. “ಒಂದು ಕೆಲಸ ಮಾಡಬಹುದು. ನಮ್ಮ ಔಷಧಿ ಅಂಗಡಿಯವರು ಎರಡು ಥರದ ಕ್ಯಾಪ್ಸೂಲ್ ಮಾಡಿಕೊಡ್ತಾರೆ. ನೋಡೋಕೆ ಎರಡೂ ಒಂದೇ. ಕೆಲವು ವಾರ ಔಷಧಿ ಇರೋದು, ಕೆಲವು ವಾರ ಖಾಲಿ. ಯಾವ ವಾರ ಯಾವುದು ಅಂತ ನನಗೂ ಗೊತ್ತಿರಲ್ಲ, ನಿಮಗೂ ಇರಲ್ಲ, ಟೀಚರ್‌ಗೂ ಇರಲ್ಲ. ಎಲ್ಲರೂ ಕಂಡದ್ದನ್ನ ಮಾತ್ರ ಹೇಳಿ. ಕೊನೇಲಿ ಬಿಚ್ಚಿ ನೋಡೋಣ.”

ಅಕ್ಕ ಬುಗುರಿಯತ್ತ ನೋಡಿದಳು. “ಅಂದ್ರೆ ನನ್ನ ಮಗಳ ಬಾಲಕ್ಕೂ ಗೆರೆ ಎಳೀತೀರಾ?”

ಡಾಕ್ಟರಿಗೆ ಅರ್ಥವಾಗಲಿಲ್ಲ. ಚಿಕ್ಕಿಗೆ ನಗು ನುಗ್ಗಿ ಬಂತು, ಕೆಮ್ಮಿ ನುಂಗಿಕೊಂಡಳು. ಅಕ್ಕ ಅವಳತ್ತ ತಿರುಗಲಿಲ್ಲ, ಆದರೆ ತುಟಿಯ ತುದಿ ಅಲುಗಿದ್ದನ್ನು ಚಿಕ್ಕಿ ಕಂಡಳು.

“ಗುಟ್ಟು ಅಂಗಡಿಯವರ ಹತ್ರಾನೇ ಇರಲಿ,” ಅಂದಳು ಅಕ್ಕ. “ಇವಳ ಕೈಗಂತೂ ಕೊಡಬೇಡಿ.”

“ನಾನು ಕಂಡುಹಿಡೀತೀನಿ,” ಎಂದು ಸ್ಟೂಲಿನ ಮೇಲಿಂದ ಬುಗುರಿ ಕೂಗಿದಳು. “ಕಹಿ ಇದ್ರೆ ನಿಜವಾದ್ದು.”

“ಕ್ಯಾಪ್ಸೂಲಿಗೆ ಕಹಿ ಇರಲ್ಲ ಪುಟ್ಟಿ.”

“ಹಂಗಾದ್ರೂ ಕಂಡುಹಿಡೀತೀನಿ,” ಎಂದು ಅವಳು ಗೋಡೆ ಒದ್ದು ಆ ಕಡೆಗೆ ಹೋದಳು.

ಕ್ಯಾಪ್ಸೂಲು ಶುರುವಾದ ವಾರ ಇಬ್ಬರೂ ಸೇರಿ ಬುಗುರಿಯನ್ನು ಕರೆತರಲು ಶಾಲೆಗೆ ಹೋದರು. ಆ ವಾರವೆಲ್ಲ ಅಕ್ಕ ಚಿಕ್ಕಿಯ ಜೊತೆ ಬೇಕಾದಷ್ಟೇ ಮಾತಾಡಿದ್ದಳು. ಬುಗುರಿ ಗೇಟಿನಿಂದ ಹೊರಬಂದವಳೇ ಚೀಲವನ್ನು ಅಕ್ಕನ ತೋಳಿಗೆ ತೂರಿಸಿ ಪಕ್ಕದ ಮೋಟು ಗೋಡೆ ಹತ್ತಿದಳು. ಕೈ ಚಾಚಿ ನಡೆದಳು. ನಿಂತಳು. ಗೋಡೆಯ ಬಿರುಕಿನಲ್ಲಿ ಏನೋ ಕಂಡು ಬಗ್ಗಿ ಬಹಳ ಹೊತ್ತು ನೋಡಿದಳು. ಚಿಕ್ಕಿಯ ತಲೆಯಲ್ಲಿ ತಾನಾಗಿಯೇ ಬಂತು: ಔಷಧಿ. ಆಮೇಲೆ ಬುಗುರಿ ಕೈ ಬೀಸಿ ಹೋ ಎಂದು ಅರಚುತ್ತ ಓಡಿದಳು. ಖಾಲಿ, ಅಂದ ತಲೆ.

“ಹಂಗೆ ನೋಡಬೇಡ ಅವಳನ್ನ,” ಅಂದಳು ಅಕ್ಕ.

“ಹೆಂಗೆ?”

“ಎಣಿಸ್ತಿರೋ ಹಂಗೆ.”

“ನೀನೂ ಅದನ್ನೇ ಮಾಡ್ತಿದ್ದೀಯ.”

ಅಕ್ಕ ತಡವರಿಸಿದಳು. “ಬೆಳಿಗ್ಗೆ ಹಲ್ಲುಜ್ಜೋವಾಗಲೇ ಶುರು ಮಾಡಿದೆ,” ಅಂದಳು ಸಣ್ಣ ದನಿಯಲ್ಲಿ. “ಅವಳು ಬಾಯಿ ಮುಕ್ಕಳಿಸಿದ್ದು ಕೂಡ ಮಾತ್ರೆ ಥರ ಕಾಣ್ತು.”

“ಆ ಕಡೆ ನೋಡು.”

“ನೀನು ಮೊದಲು ನೋಡು.”

ಇಬ್ಬರೂ ಬಲವಂತವಾಗಿ ರಸ್ತೆಯಾಚೆಯ ಮುಚ್ಚಿದ ಅಂಗಡಿಯ ಬಾಗಿಲು ನೋಡುತ್ತ ನಿಂತರು. ಬೆನ್ನ ಹಿಂದೆ ಗೋಡೆಯ ಮೇಲೆ ಚಪ್ಪಲಿಯ ಸದ್ದು ಹೋಯಿತು, ಬಂತು, ನಿಂತಿತು, ಮತ್ತೆ ಹೋಯಿತು.

“ಅಮ್ಮಾ! ಚಿಕ್ಕಿ! ಒಂಟಿ ಕಾಲಲ್ಲಿ ನೋಡಿ!” ಬುಗುರಿ ಅರಚಿದಳು. “ಇಬ್ರೂ ನೋಡ್ತಾನೇ ಇಲ್ಲ!”

“ನೋಡಿದ್ವಿ ಕಣೇ, ಇಳಿ,” ಅಂದಳು ಅಕ್ಕ, ತಿರುಗದೆ.